ಗಾಳಿ ಗುಹೆಯಿಂದ ಒಲೆಯ ಮುಂದಕ್ಕೆ

ಹೊರಡುವ ಮುಂಚೆ

ಈ ಬರಹದಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಜಪಾನಿನಲ್ಲಿ ನಾವಿದ್ದದ್ದು ಒಂಬತ್ತು ದಿನವೋ ಹತ್ತು ದಿನವೋ ಎಂಬುದರಲ್ಲೇ ನನಗೂ ಗಂಗಾಧರಪ್ಪನವರಿಗೂ ಇನ್ನೂ ಒಮ್ಮತವಿಲ್ಲ. ಸರೋವರದ ಊರಿಗೆ ಹೋದ ಮೊದಲ ದಿನ ಮಳೆಯಿತ್ತು ಎಂದು ನನ್ನ ನೆನಪು. ಅವರು ತೆಗೆದ ಫೋಟೋದಲ್ಲಿ ಬಿಸಿಲಿದೆ. ನಾನು ಓದುವ ದಿನಗಳಿಂದ ದಿನಚರಿ ಬರೆಯುತ್ತಾ ಬಂದವಳು. ಅದರಿಂದ ನೆನಪು ಗಟ್ಟಿಯಾಯಿತು ಎನ್ನುವಂತಿಲ್ಲ. ಹಳೆಯ ಪುಟ ತೆರೆದಾಗಲೆಲ್ಲ, ನಾನು ಆಣೆ ಮಾಡಿ ಹೇಳಬಹುದಾಗಿದ್ದ ಯಾವುದೋ ಒಂದು ಸಂಗತಿ ಅಲ್ಲಿ ಬೇರೆಯೇ ಆಗಿರುತ್ತದೆ.

ಚಿಂತಾಮಣಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ರೇಷ್ಮೆ ಬೆಳೆಯುವ ಕಡೆಯ ಕೆಲವರನ್ನು ಜಪಾನಿನ ಹಳೆಯ ರೇಷ್ಮೆ ಊರೊಂದು ಕರೆಸಿಕೊಳ್ಳುವ ಏರ್ಪಾಡಿತ್ತು. ನಮ್ಮ ಕಡೆಯಿಂದ ನಾನು ಮತ್ತು ಮಂಚೇನಹಳ್ಳಿಯ ಗಂಗಾಧರಪ್ಪನವರು ಹೊರಟೆವು. ಅವರು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲಿಂಗ್ ಮನೆಗಳಿಗೆ ಹೋಗಿ ನೂಲು ನೋಡಿ ಸಲಹೆ ಕೊಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನನ್ನ ಅಕ್ಕನ ಗಂಡ ಆಂಜಿನಪ್ಪನವರ ಮನೆಯಲ್ಲಿ ಇಪ್ಪತ್ತು ವರ್ಷ ಟೀ ಕುಡಿದವರು. ನಾನು ಅರ್ಜಿ ತುಂಬಿದಾಗ ನಮ್ಮದು ಕೋಲಾರ ಜಿಲ್ಲೆ. ವಿಮಾನ ಹತ್ತುವ ಹೊತ್ತಿಗೆ ಚಿಕ್ಕಬಳ್ಳಾಪುರವೇ ಜಿಲ್ಲೆಯಾಗಿತ್ತು. ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಯಾವುದು ಸರಿ ಎಂದು ಕೇಳಿದ. ಎರಡೂ ಸರಿ ಎಂದೆ. ಅವನಿಗೆ ಅದು ಇಷ್ಟವಾಗಲಿಲ್ಲ.

ಹೋಗುವ ಮನಸ್ಸು ನನಗಿರಲಿಲ್ಲ. ಅಕ್ಕ ತೀರಿಕೊಂಡು ಏಳು ತಿಂಗಳಾಗಿತ್ತು.

ಅಕ್ಕನ ಹೆಸರು ರತ್ನಮ್ಮ. ಭಾವನದು ಮನೆಯಲ್ಲೇ ಎರಡು ಚರಕ ಇಟ್ಟುಕೊಂಡ ಸಣ್ಣ ರೀಲಿಂಗ್. ಒಬ್ಬರು ಚರಕ ತಿರುಗಿಸಬೇಕು, ಇನ್ನೊಬ್ಬರು ಒಲೆಯ ಮುಂದೆ ಕೂತು ಕುದಿಯುವ ಬಾಂಡ್ಲಿಯಲ್ಲಿ ಗೂಡು ಆಡಿಸಿ ಎಳೆ ಹಿಡಿದು ಕೊಡಬೇಕು. ಅಕ್ಕ ತಿರುಗಿಸುವವಳು. ಅವಳ ತೋಳಿನ ಬಲದ ಮೇಲೆ ಆ ಮನೆ ನಿಂತಿತ್ತು. ಎದೆಯಲ್ಲಿ ಗಂಟು ಕಂಡು, ಬೆಂಗಳೂರಿನಲ್ಲಿ ಬಲಮೊಲೆ ತೆಗೆದು, ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಆ ತೋಳು ಊದಿಕೊಂಡಿತು. ಎಲ್ಲ ತೆಗೆದಿದ್ದೇವೆ, ಆ ಕೈಯಲ್ಲಿ ಭಾರದ ಕೆಲಸ ಬೇಡ ಎಂದರು ಡಾಕ್ಟರು. ಅಕ್ಕನನ್ನು ಚರಕದಿಂದ ಎಬ್ಬಿಸಿ ಒಲೆಯ ಮುಂದೆ ಕೂರಿಸಲಾಯಿತು. ಕೂತು ಮಾಡುವ ಕೆಲಸ, ಎಡಗೈ ಸಾಕು, ಬೆನ್ನಿಗೆ ಗೋಡೆಯಿದೆ. ಮನೆಯಲ್ಲಿ ಎಲ್ಲರಿಗೂ ಅದು ಕರುಣೆಯ ಏರ್ಪಾಡಾಗಿ ಕಂಡಿತು.

ಆ ಕೋಣೆಯ ಕಿಟಕಿ ತೆರೆಯುವುದಿಲ್ಲ. ಗಾಳಿ ಬಂದರೆ ಎಳೆ ಅಲ್ಲಾಡಿ ಕಡಿಯುತ್ತದೆ. ಒಲೆಗೆ ಕಡಲೆಕಾಯಿ ಹೊಟ್ಟು, ಮೇಲೆ ಹಬೆ, ಅದರೊಳಗೆ ಬೆಂದ ಹುಳದ ವಾಸನೆ. ಅಲ್ಲಿ ಕೂತವರೆಲ್ಲ ಕೆಮ್ಮುತ್ತಾರೆ. ಆ ಮನೆಗಳಲ್ಲಿ ಅದನ್ನು ಗೂಡಿನ ಕೆಮ್ಮು ಎನ್ನುತ್ತಾರೆ, ಕಾಯಿಲೆ ಎನ್ನುವುದಿಲ್ಲ. ಯಾರೂ ಅದಕ್ಕಾಗಿ ಡಾಕ್ಟರ ಹತ್ತಿರ ಹೋಗುವುದಿಲ್ಲ, ಬೆವರು ಬಂತೆಂದು ಯಾರಾದರೂ ಹೋಗುತ್ತಾರೆಯೇ? ಹೀಗೆ ನಾಲ್ಕು ವರ್ಷ ಅಕ್ಕ ಕೆಮ್ಮಿದಳು. ಪ್ರತಿ ಚಳಿಗಾಲ ಎದೆಯ ಸೋಂಕು, ಜ್ವರ, ಮಾತ್ರೆ, ಮತ್ತೆ ಒಲೆ. ಎಕ್ಸ್‌ರೇಯಲ್ಲಿ ಮಚ್ಚೆ ಕಂಡಾಗ ಟಿಬಿ ಎಂದು ಆರು ತಿಂಗಳು ಮಾತ್ರೆ ನುಂಗಿಸಿದರು. ಮಚ್ಚೆಗಳು ಹೆಚ್ಚಾದವು. ಬೆಂಗಳೂರಿನವರು ಸೂಜಿ ಹಾಕಿ ನೋಡಿ, ಎದೆಯ ಹಳೆಯ ಕ್ಯಾನ್ಸರೇ ಶ್ವಾಸಕೋಶದಲ್ಲಿ ಎದ್ದಿದೆ ಎಂದರು. ಹಳೆಯ ಕೆಮ್ಮು ಎಲ್ಲಿ ಮುಗಿಯಿತು, ಹೊಸ ಕೆಮ್ಮು ಎಲ್ಲಿ ಶುರುವಾಯಿತು ಎಂದು ಯಾರಿಗೂ ಗೊತ್ತಾಗಿರಲಿಲ್ಲ. ನಾಲ್ಕು ತಿಂಗಳಲ್ಲಿ ಹೋದಳು.

ಹನ್ನೊಂದನೇ ದಿನ ಬುದ್ಧವಂದನೆ ಮುಗಿದು ಜನ ಊಟಕ್ಕೆ ಕೂತಿದ್ದರು. ಭಾವ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಾ ನನ್ನ ಎಲೆಯ ಮುಂದೆ ಬಂದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಇದು ಮಾತ್ರ ನನಗೆ ಸರಿಯಾಗಿ ನೆನಪಿದೆ, ಅಲ್ಲಿದ್ದವರಿಗೂ ನೆನಪಿದೆ.

"ಕೈ ಆಗದವಳನ್ನ ಹೊಗೆ ಮುಂದೆ ಕೂರಿಸಿ ಕೊಂದ್ರಲ್ಲ ಭಾವ. ಯಾರ ತಲೆಗೆ ಬಂತು ಆ ಯೋಚನೆ?"

ಭಾವ ಸೌಟನ್ನು ಬಕೆಟ್ಟಿಗೆ ಅದ್ದಿದರು. ಆಮೇಲೆ ನನಗೆ ಸಾರು ಬಡಿಸಿ ಪಕ್ಕದ ಎಲೆಗೆ ಹೋದರು.

ರೈಲಿನಲ್ಲಿ

ಟೋಕಿಯೋದಿಂದ ಬೆಟ್ಟಗಳ ಕಡೆಗೆ ಹೋಗುವ ರೈಲು. ಚಳಿಗೆ ಗಂಟಲು ಕಟ್ಟಿ ನಾನು ಕೆಮ್ಮುತ್ತಿದ್ದೆ. ಎದುರಿಗೆ ಕೂತಿದ್ದ ಅಜ್ಜಿ ನಾಲ್ಕೈದು ಸಲ ನನ್ನತ್ತ ನೋಡಿ, ಚೀಲ ತಡಕಿ, ಕಾಗದದ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ನೀಡಿದರು. ತಿಂಡಿ ಇರಬೇಕೆಂದು ನಗುತ್ತಾ ತೆಗೆದುಕೊಂಡೆ. ಒಳಗೆ ಬಿಳಿಯ ಮಾಸ್ಕ್. ಬಾಯಿಗೆ ಕಟ್ಟಿಕೋ ಎಂದು ಸನ್ನೆ ಮಾಡಿದರು.

ನನ್ನ ಮುಖ ಬಿಸಿಯಾಯಿತು. ನಮ್ಮ ತಾತ ಗೌಡರ ಮನೆಯ ಮುಂದೆ ಮಾತಾಡುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೋ, ಅಪ್ಪ ಹೇಳಿದ್ದನ್ನು ನೋಡಿದಂತೆ ಅಂದುಕೊಂಡಿದ್ದೇನೋ, ತಿಳಿಯದು. ಅಪ್ಪ ಆ ಕೈಯನ್ನು ಕೆಳಗಿಳಿಸಬೇಕೆಂದೇ ಬೌದ್ಧರಾದವರು. ಈಗ ಬುದ್ಧನನ್ನು ಪೂಜಿಸುವ ನಾಡಿನಲ್ಲೇ ಒಬ್ಬರು ನನಗೆ ಬಾಯಿ ಮುಚ್ಚಲು ಹೇಳುತ್ತಿದ್ದಾರೆ. ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡು ಕಿಟಕಿಯ ಆಚೆ ನೋಡಿದೆ.

ಗಂಗಾಧರಪ್ಪನವರು ಅಷ್ಟರಲ್ಲಿ ಇಡೀ ಬೋಗಿ ನೋಡಿ ಬಂದಿದ್ದರು. ಆರು ಜನ ಮಾಸ್ಕ್ ಕಟ್ಟಿಕೊಂಡೇ ಕೂತಿದ್ದಾರಂತೆ, ಅದರಲ್ಲಿ ಒಬ್ಬ ಟೈ ಹಾಕಿದ ದೊಡ್ಡ ಮನುಷ್ಯ. ನೆಗಡಿ ಬಂದವರು ತಾವಾಗಿಯೇ ಕಟ್ಟಿಕೊಳ್ಳುತ್ತಾರೆ, ಬೇರೆಯವರಿಗೆ ಅಂಟಬಾರದೆಂದು. ನಮಗೆ ದಾರಿ ತೋರಿಸಲು ಬಂದಿದ್ದ ಅಯಾಕೊ ಎಂಬ ವಿದ್ಯಾರ್ಥಿನಿಯೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು.

"ನಮ್ಮೂರಲ್ಲಿ ಹಿಂಗೆ ಶುರು ಮಾಡಿದ್ರೆ ಶಿಡ್ಲಘಟ್ಟ ಪೂರ್ತಿ ಕಳ್ಳರ ಊರು ಅಂದ್ಕೋತಾರಮ್ಮ ಜನ" ಎಂದರು ಗಂಗಾಧರಪ್ಪನವರು.

ಮಾಸ್ಕ್ ಕಟ್ಟಿಕೊಂಡು ಅಜ್ಜಿಗೆ ತಲೆಬಾಗಿದೆ. ಆಕೆ ನನಗಿಂತ ಕೆಳಗೆ ಬಾಗಿದರು. ಅವಮಾನ ಎಂದು ಅಷ್ಟು ಬೇಗ ತೀರ್ಪು ಕೊಟ್ಟ ನನ್ನ ಬಗ್ಗೆ ನನಗೇ ಬೇಸರವಾಯಿತು. ಇಷ್ಟಾದರೂ, ಅಕ್ಕನ ಜೊತೆ ಕೂತು ನಾಲ್ಕು ವರ್ಷ ಅವಳ ಕೆಮ್ಮು ಕೇಳಿದ ನಾವ್ಯಾರೂ ಚೀಲ ತಡಕಲಿಲ್ಲವಲ್ಲ ಎಂಬುದು ಆ ದಿನವೆಲ್ಲ ಕೊರೆಯಿತು.

ಸರೋವರದ ಊರು

ಒಂದು ಕಾಲಕ್ಕೆ, ನಮ್ಮನ್ನು ಕರೆಸಿಕೊಂಡ ಆ ಊರಿನ ಆಕಾಶದಲ್ಲಿ ಹೊಗೆ ಕೊಳವೆಗಳೇ ಕಾಣುತ್ತಿದ್ದವಂತೆ. ಈಗ ಒಂದೆರಡು ಉಳಿದಿವೆ, ನೋಡುವುದಕ್ಕೆ. ಹಳೆಯ ರೀಲಿಂಗ್ ಕಾರ್ಖಾನೆಯೇ ಮ್ಯೂಸಿಯಂ. ಒಳಗೆ ಹೆಜ್ಜೆ ಇಟ್ಟ ಕೂಡಲೇ ಬೆಂದ ಹುಳದ ವಾಸನೆ ಬರುತ್ತದೆಂದು ಉಸಿರು ಬಿಗಿಹಿಡಿದೆ. ಬರಲಿಲ್ಲ. ಪ್ರದರ್ಶನಕ್ಕೆಂದು ಇಬ್ಬರು ಹೆಂಗಸರು ನೂಲು ತೆಗೆಯುತ್ತಿದ್ದರು. ಪ್ರತಿ ಬಾಂಡ್ಲಿಯ ಮೇಲೂ ತಗಡಿನ ಹೊಗೆಗೂಡೊಂದು ಬಾಯಿ ತೆರೆದುಕೊಂಡು ಹಬೆಯನ್ನು ಹೀರಿ ಆಚೆಗೆ ಬಿಡುತ್ತಿತ್ತು. ಎಳೆ ಅಲ್ಲಾಡುತ್ತಿರಲಿಲ್ಲ. ಗಾಳಿಯನ್ನು ಮೇಲಿನಿಂದ ಮೆಲ್ಲಗೆ ಎಳೆದರೆ ಎಳೆ ಅಲ್ಲಾಡುವುದಿಲ್ಲ. ಇಷ್ಟೇ ವಿಷಯ. ನಾನು ಆ ತಗಡಿನ ಕೆಳಗೆ ಬಹಳ ಹೊತ್ತು ನಿಂತೆ. ಕೂತಿದ್ದ ಹೆಂಗಸು ನನಗೆ ರೇಷ್ಮೆಯಲ್ಲಿ ತುಂಬಾ ಆಸಕ್ತಿ ಎಂದು ತಿಳಿದು ನಾಲ್ಕು ಗೂಡು ಉಡುಗೊರೆ ಕೊಟ್ಟಳು. ಹಾಲಿನಷ್ಟು ಬಿಳಿಯ ಗೂಡು. ನಮ್ಮ ಹಳದಿ ಗೂಡು ನೋಡಿದ ಕಣ್ಣಿಗೆ ಅವು ಇನ್ನೂ ಬಣ್ಣ ಬಾರದವುಗಳ ಹಾಗೆ ಕಂಡವು.

ಗೋಡೆಯ ಮೇಲೆ ಹುಡುಗಿಯರ ಫೋಟೋಗಳಿದ್ದವು. ಬೆಟ್ಟದಾಚೆಯ ಹಳ್ಳಿಗಳಿಂದ ಬಂದ ಹದಿಮೂರು ಹದಿನಾಲ್ಕರ ಮಕ್ಕಳು. ಅವರಿಗೂ ಹಬೆ, ಅವರಿಗೂ ಮುಚ್ಚಿದ ಕಿಟಕಿ. ಎದೆಯ ಕಾಯಿಲೆ ಬಂದವರನ್ನು ಊರಿಗೆ ಕಳಿಸಿಬಿಡುತ್ತಿದ್ದರಂತೆ, ಸತ್ತರೆ ಅಲ್ಲಿ ಸಾಯಲಿ ಎಂದು. ಇದನ್ನು ಹೇಳಿದವರು ಮ್ಯೂಸಿಯಂ ತೋರಿಸಲು ಬಂದಿದ್ದ ಡಾಕ್ಟರ್ ಮೊರಿತಾ. ಎಪ್ಪತ್ತು ದಾಟಿದ, ನಿವೃತ್ತ ಎದೆರೋಗದ ವೈದ್ಯರು. ಅವರ ತಾಯಿ ಆ ಫೋಟೋಗಳಲ್ಲೊಬ್ಬರು. ಎಲ್ಲಿ ಎಂದು ಕೇಳಿದೆ. ಎರಡನೇ ಸಾಲಿನಲ್ಲಿ ಇಬ್ಬರು ಹುಡುಗಿಯರನ್ನು ತೋರಿಸಿ, ಇಬ್ಬರಲ್ಲಿ ಒಬ್ಬರು, ಯಾರೆಂದು ಅಮ್ಮ ಇರುವಾಗ ಕೇಳಲಿಲ್ಲ ಎಂದರು. ಆ ಮಾತಿಗೆ ಅವರ ಮೇಲೆ ನನಗೆ ನಂಬಿಕೆ ಬಂತು.

ಮಧ್ಯಾಹ್ನದ ಊಟದಲ್ಲಿ ಪುಟ್ಟ ಬಟ್ಟಲೊಂದರಲ್ಲಿ ಕಂದು ಬಣ್ಣದ ಏನೋ ಹೊಳೆಯುತ್ತಿತ್ತು. ಗಂಗಾಧರಪ್ಪನವರು ಹುರಿದ ಹುರುಳಿ ಎಂದುಕೊಂಡು ಎರಡು ಬಾಯಿಗೆ ಹಾಕಿ, ಅಗಿಯುತ್ತಾ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಗೂಡಿನೊಳಗಿನ ಹುಳ, ಸಕ್ಕರೆ ಉಪ್ಪಿನ ರಸದಲ್ಲಿ ಬೇಯಿಸಿದ್ದು. ಆ ಕಡೆಯವರು ತಿನ್ನುತ್ತಾರೆ. ಉಗುಳುವಂತಿಲ್ಲ, ಎಲ್ಲರೂ ನೋಡುತ್ತಿದ್ದರು. ನುಂಗಿ ಕಣ್ಣಲ್ಲಿ ನೀರು ತಂದುಕೊಂಡು, ಇಪ್ಪತ್ತೈದು ವರ್ಷ ಇದರ ವಾಸನೆ ಕುಡಿದು ಸಂಬಳ ತಗೊಂಡಿದ್ದೆ, ಇವತ್ತು ಅಸಲನ್ನೇ ತಿನ್ನಿಸಿದರು ಎಂದರು. ನಾನು ನಕ್ಕೆ. ಅಕ್ಕ ಹೋದ ಮೇಲೆ ನಕ್ಕದ್ದು ಅದೇ ಮೊದಲಿರಬೇಕು. ನಗು ಕೆಮ್ಮಿಗೆ ತಿರುಗಿತು.

ಹೊಗೆಯ ಬಟ್ಟಲು

ಬೌದ್ಧಳೆಂದು ತಿಳಿದ ಮೇಲೆ ಅಯಾಕೊ ನನ್ನನ್ನು ಒಂದು ದೊಡ್ಡ ಬೌದ್ಧ ದೇವಾಲಯಕ್ಕೆ ಕರೆದುಕೊಂಡು ಹೋಗಲೇಬೇಕೆಂದಳು. ತವರಿಗೆ ಬಂದಂತೆ ಆಗುತ್ತದೆ ನಿಮಗೆ ಎಂದಳು. ನಮ್ಮದು ಚಿಕ್ಕಬಳ್ಳಾಪುರದ ಬಾಡಿಗೆ ಕೋಣೆಯೊಂದರಲ್ಲಿ ಭಾನುವಾರ ಮೂವತ್ತು ಜನ ಕೂತು ಬುದ್ಧ, ಧಮ್ಮ, ಸಂಘ ಎಂದು ಮೂರು ಶರಣು ಹೇಳುವ ಬೌದ್ಧ ಧರ್ಮ. ಇಲ್ಲಿ ಮರದ ಕಂಬಗಳು ನಾಲ್ಕು ಜನ ಅಪ್ಪಿದರೂ ಸಿಗುವಂತಿರಲಿಲ್ಲ. ತವರಾಗಲಿಲ್ಲ, ಶ್ರೀಮಂತ ನೆಂಟರ ಮನೆಯಂತಾಯಿತು.

ಮೆಟ್ಟಿಲ ಮುಂದೆ ಆಳೆತ್ತರದ ಕಂಚಿನ ಬಟ್ಟಲಿತ್ತು. ಅದರಲ್ಲಿ ಕಟ್ಟು ಕಟ್ಟು ಊದುಬತ್ತಿ ಉರಿಯುತ್ತಿತ್ತು. ಜನ ಸುತ್ತ ನಿಂತು ಹೊಗೆಯನ್ನು ಬೊಗಸೆಯಲ್ಲಿ ಎಳೆದು ಮೈಗೆ ಬಳಿದುಕೊಳ್ಳುತ್ತಿದ್ದರು. ನೋವಿರುವ ಕಡೆಗೆ ಬಳಿದುಕೊಂಡರೆ ವಾಸಿಯಾಗುತ್ತದಂತೆ. ಮಂಡಿ ಹಿಡಿದ ಒಬ್ಬ ಮುದುಕ ಬಗ್ಗಿ ಬಗ್ಗಿ ಮಂಡಿಗೆ ಬಳಿದುಕೊಂಡ. ಒಬ್ಬ ತಾಯಿ ಮಗನ ತಲೆಗೆ ಬಳಿದಳು, ಬುದ್ಧಿ ಬರಲೆಂದು. ಗಂಗಾಧರಪ್ಪನವರು ಸುತ್ತ ನೋಡಿ ಹೊಟ್ಟೆಗೆ ಬಳಿದುಕೊಂಡರು, ಹುಳ ತಿಂದಿದ್ದಕ್ಕೆ.

ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಎರಡೂ ಕೈಯಿಂದ ಹೊಗೆ ತಂದು ಎದೆಗೆ ಒತ್ತಿಕೊಂಡಳು. ಮತ್ತೆ ತಂದಳು. ಮತ್ತೆ. ಅವಳ ಕೋಟಿನ ಬಲಭಾಗ ಎಡಭಾಗದ ಹಾಗೆ ಇರಲಿಲ್ಲ. ಅದು ನಿಜವಾಗಿ ಹಾಗಿತ್ತೇ, ನಾನು ಹಾಗೆ ನೋಡಿದೆನೇ ಎಂದು ಆವತ್ತೇ ದಿನಚರಿಯಲ್ಲಿ ಪ್ರಶ್ನೆ ಹಾಕಿಕೊಂಡಿದ್ದೇನೆ. ಅವಳು ಮುಗಿಸಿ ನನಗೆ ಜಾಗ ಬಿಟ್ಟು, ಬನ್ನಿ ಎಂಬಂತೆ ಕೈ ತೋರಿಸಿದಳು. ಬೇಡ, ಅದನ್ನು ಒಳಗೆ ಎಳೆದುಕೊಳ್ಳಬೇಡ ಎಂದು ಕೂಗಬೇಕೆನಿಸಿತು. ಯಾವ ಭಾಷೆಯಲ್ಲಿ ಕೂಗಲಿ. ನಾನು ಹಿಂದೆ ಸರಿದೆ, ಹೊಗೆಗೆ ಬೆನ್ನು ಮಾಡಿ ನಿಂತೆ.

ಗಾಳಿ ಗುಹೆ

ಮರುದಿನ ಡಾಕ್ಟರ್ ಮೊರಿತಾ ತಮ್ಮ ಕಾರಿನಲ್ಲಿ ನಮ್ಮನ್ನು ಬೆಟ್ಟಕ್ಕೆ ಕರೆದೊಯ್ದರು. ನಮ್ಮ ಕಳವಾರದಿಂದ ಸ್ಕಂದಗಿರಿ ಹತ್ತುವಾಗ ಬಂಡೆಯ ಸಂದಿಯಲ್ಲಿ ತಣ್ಣನೆ ಗಾಳಿ ಕೆನ್ನೆಗೆ ತಾಕುತ್ತದಲ್ಲ, ಅದನ್ನು ನೂರು ಪಟ್ಟು ಮಾಡಿಕೊಳ್ಳಿ. ಕಲ್ಲಿನ ಗೋಡೆ ಕಟ್ಟಿದ, ನೆಲದೊಳಗೆ ಧಾನ್ಯ ತುಂಬುವ ಹಗೇವಿನಂಥ ಜಾಗ, ಇಳಿಯಲು ಮರದ ಮೆಟ್ಟಿಲು. ಬೆಟ್ಟದ ಹೊಟ್ಟೆಯಿಂದ ಗಾಳಿ ಬರುತ್ತಲೇ ಇರುತ್ತದೆ, ಬೇಸಿಗೆಯಲ್ಲೂ ಮಂಜಿನಷ್ಟು ತಣ್ಣಗೆ. ಫ್ರಿಜ್ಜು ಇಲ್ಲದ ಕಾಲದಲ್ಲಿ ರೇಷ್ಮೆ ಹುಳದ ಮೊಟ್ಟೆಗಳನ್ನು ಹಾಳೆಗಟ್ಟಲೆ ಇಲ್ಲಿ ಇಡುತ್ತಿದ್ದರು. ತಣ್ಣಗಿರುವಷ್ಟು ದಿನ ಮೊಟ್ಟೆ ಮಲಗಿರುತ್ತದೆ. ಹಿಪ್ಪುನೇರಳೆ ಚಿಗುರಿದಾಗ ಆಚೆ ತಂದು ಬೆಚ್ಚಗೆ ಮಾಡಿದರೆ ಏಳುತ್ತದೆ.

ಈ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ಸಾಯದ, ಬೆಳೆಯದ, ಕಾಯುವ ಮೊಟ್ಟೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ.

ಕೆಳಗಿಳಿದು ನಿಂತಾಗ ಡಾಕ್ಟರಿಗೆ ಅಕ್ಕನ ಕತೆ ಹೇಳಿದೆ. ಅಯಾಕೊ ಸಾಲು ಸಾಲಾಗಿ ಅನುವಾದಿಸಿದಳು. ಮೊಲೆ ಎನ್ನುವಾಗ ಅವಳ ದನಿ ಸಣ್ಣದಾಯಿತು. ಕೊನೆಗೆ ಕೇಳಿದೆ: ಎಲ್ಲವನ್ನೂ ತೆಗೆದಿದ್ದೇವೆ ಎಂದಿದ್ದರು, ಹಾಗಿದ್ದರೆ ಅದು ಎಲ್ಲಿತ್ತು?

ಅವರು ಮೊಟ್ಟೆಯ ಹಾಳೆ ಇಡುತ್ತಿದ್ದ ಖಾಲಿ ಕಲ್ಲಿನ ಹಲಗೆಯ ಮೇಲೆ ಕೈ ಇಟ್ಟರು. ಇಲ್ಲಿ ಎಂದರು.

ಆಮೇಲೆ ಅವರು ಹೇಳಿದ್ದನ್ನು ಆ ಸಂಜೆ ಬರೆದುಕೊಂಡಿದ್ದೇನೆ, ಆದ್ದರಿಂದ ಇದು ಹೆಚ್ಚುಕಡಿಮೆ ಸರಿಯಿರಬೇಕು. ಗಂಟು ತೆಗೆಯುವ ಮೊದಲೇ ಅದರಿಂದ ಕೆಲವು ಜೀವಕೋಶಗಳು ರಕ್ತದಲ್ಲಿ ತೇಲಿ ಹೋಗಿ ಶ್ವಾಸಕೋಶದಲ್ಲಿ ಕೂತಿರಬಹುದು. ಬಹುಪಾಲು ಸಾಯುತ್ತವೆ. ಕೆಲವು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ವರ್ಷಗಟ್ಟಲೆ ಮಲಗಿರುತ್ತವೆ. ಯಾವ ಸ್ಕ್ಯಾನಿಗೂ ಕಾಣುವುದಿಲ್ಲ. ಹೊಗೆಯಿಂದಲೋ ಸೋಂಕಿನಿಂದಲೋ ಶ್ವಾಸಕೋಶದಲ್ಲಿ ಮತ್ತೆ ಮತ್ತೆ ಉರಿಯೂತ ಬಂದರೆ, ಗಾಯ ಮಾಯಿಸಲೆಂದು ದೇಹವೇ ಅಲ್ಲಿಗೆ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಅವು ಸುತ್ತಲಿನ ಹೆಣಿಗೆಯನ್ನು ಬಿಚ್ಚುತ್ತವೆ, ಬೆಳವಣಿಗೆಯ ರಸಗಳನ್ನು ಸುರಿಸುತ್ತವೆ, ಹೊಸ ರಕ್ತನಾಳಗಳನ್ನು ಕರೆಯುತ್ತವೆ. ಗಾಯಕ್ಕೆಂದು ಮಾಡಿದ ಅಡುಗೆಯನ್ನು ಮಲಗಿದ್ದವರೂ ಎದ್ದು ಬಂದು ಉಣ್ಣುತ್ತಾರೆ. ಉರಿಯೂತ ಒಂದು ವಾರದ್ದಾದರೆ ದೇಹ ಬಾಗಿಲು ಮುಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಆರದಿದ್ದರೆ ಒಲೆ ಉರಿಯುತ್ತಲೇ ಇರುತ್ತದೆ.

"ಹಾಗಾದರೆ ಎಬ್ಬಿಸಿದ್ದು ಆ ಕೋಣೆ" ಎಂದೆ.

ಡಾಕ್ಟರು ತಕ್ಷಣ ತಲೆ ಅಲ್ಲಾಡಿಸಿದರು. ಹಾಗೆ ಹೇಳಲು ಬರುವುದಿಲ್ಲ. ಇಲಿಗಳಲ್ಲಿ ಇಂಥದ್ದು ಕಂಡಿದ್ದಾರೆ: ಶ್ವಾಸಕೋಶ ಕೆರಳಿದ ಇಲಿಗಳಲ್ಲಿ ಕ್ಯಾನ್ಸರ್ ಹೆಚ್ಚು ನೆಲೆಯೂರಿತು. ಮನುಷ್ಯರ ಬಗ್ಗೆ ಇನ್ನೂ ಅನುಮಾನ ಮಾತ್ರ. ಒಲೆಯ ಮುಂದೆ ಒಂದು ದಿನವೂ ಕೂರದವರಲ್ಲೂ ಅದು ಎದ್ದಿದೆ, ಕೂತವರಲ್ಲಿ ಏಳದೆಯೂ ಇದೆ. ನಿಮ್ಮ ಅಕ್ಕನ ವಿಷಯದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ಹೇಳಿ ಅವರು ಒಂದು ಮಾತು ಸೇರಿಸಿದರು, ಅಯಾಕೊ ಅದನ್ನು ಎರಡು ಸಲ ಕೇಳಿಸಿಕೊಂಡು ಅನುವಾದಿಸಿದಳು: ಗೊತ್ತಾಗುವುದಿಲ್ಲ ಎಂಬುದು ಕಿಟಕಿ ಮುಚ್ಚಿಡಲು ಕಾರಣವಾಗಬಾರದು.

ನನಗೆ ಅವರ ಎಚ್ಚರಿಕೆಯ ಮಾತುಗಳು ಬೇಕಿರಲಿಲ್ಲ. ಪ್ರಾಣಿಶಾಸ್ತ್ರ ಓದಿದವಳು, ಒಂದು ಹೋಲಿಕೆ ಸಾಕ್ಷಿಯಲ್ಲ ಎಂದು ಮಕ್ಕಳಿಗೆ ಕಲಿಸುವವಳು, ಆ ಕಲ್ಲಿನ ಹಲಗೆಯನ್ನೇ ಸಾಕ್ಷಿ ಮಾಡಿಕೊಂಡೆ. ಆ ಚಳಿಯಲ್ಲಿ ಒಂದು ಥರದ ತೃಪ್ತಿಯೇ ಆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಹನ್ನೊಂದನೇ ದಿನ ನಾನು ಆಡಿದ ಮಾತಿಗೆ ಈಗ ವಿಜ್ಞಾನದ ಬೆಂಬಲವಿದೆ ಎಂದುಕೊಂಡೆ.

ಇಳಿಯುವ ಬಸ್ಸು

ಡಾಕ್ಟರಿಗೆ ಬೇರೆ ಕೆಲಸವಿತ್ತು. ಬೆಟ್ಟದಿಂದ ನಾವು ಬಸ್ಸಿನಲ್ಲಿ ಇಳಿದೆವು. ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ ಅಲ್ಲಿ. ಗೌರಿಬಿದನೂರು ಬಸ್ಸಿನಲ್ಲಿ ಹುಟ್ಟಿ ಬೆಳೆದಂತಿದ್ದ ಗಂಗಾಧರಪ್ಪನವರಿಗೆ ಇದೊಂದು ಶಿಕ್ಷೆ. ಪಿಸುಮಾತಿನಲ್ಲಿ ಗುಹೆಯೊಳಗೆ ಏನು ಮಾತಾಯಿತು ಎಂದು ಕೇಳಿದರು. ಮಂಡಿ ನೋವಿಗೆ ಅವರು ಕೆಳಗಿಳಿದಿರಲಿಲ್ಲ. ಎಲ್ಲ ಹೇಳಿದೆ. ಊರಿಗೆ ಹೋದ ಕೂಡಲೇ ಭಾವನನ್ನು ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳುತ್ತೇನೆ, ಅವರು ಏನು ಮಾಡಿದರೆಂದು ಅವರಿಗೆ ತಿಳಿಯಲಿ ಎಂದೆ.

ಅವರು ನನ್ನ ಕಡೆ ತಿರುಗಿ ಕೂತರು.

"ಅಲ್ಲಮ್ಮ ಸುಜಾತಮ್ಮ, ಆಂಜಿನಪ್ಪನಿಗೆ ಯಾಕೆ ಹೇಳ್ತೀರ? ಅವತ್ತು ಕೂತ್ಕೊಂಡು ಮಾಡೋ ಕೆಲ್ಸ ಕೊಡಿ ಅಂದಿದ್ದು ನೀವೇ ಅಲ್ವಾ?"

ನಾನು ಅವರ ಮುಖ ನೋಡಿದೆ.

"ನಾನು ಅಲ್ಲೇ ಟೀ ಕುಡೀತಾ ಇದ್ದೆ. ಆಂಜಿನಪ್ಪ ಏನೂ ಬೇಡ, ಮನೇಲಿ ಇರ್ಲಿ ಸಾಕು ಅಂದ. ನೀವು ಹೇಳಿದ್ರಿ, ಸುಮ್ನೆ ಕೂತ್ರೆ ಮನಸ್ಸು ಕೆಡುತ್ತೆ, ಒಲೆ ಹತ್ರ ಆದ್ರೆ ಕೈಗೆ ಭಾರ ಬೀಳಲ್ಲ ಅಂತ. ನಾನು ಮನೆಗೋಗಿ ನಮ್ಮೋಳಿಗೆ ಹೇಳ್ದೆ, ಓದಿರೋರು ಹೆಂಗೆ ಯೋಚ್ನೆ ಮಾಡ್ತಾರೆ ನೋಡು ಅಂತ."

ಹೊಗಳಿಕೆಯ ದನಿಯಲ್ಲೇ ಹೇಳಿದರು. ಅದೇ ದನಿಯಲ್ಲಿ ಐದಾರು ವರ್ಷದ ಹಿಂದೆಯೂ ಮನೆಯಲ್ಲಿ ಹೇಳಿರಬೇಕು. ನನ್ನ ಮುಖ ಹೇಗಿತ್ತೋ, ತಕ್ಷಣ ಹಿಂಜರಿದರು.

"ಪೋನೀಲೆಮ್ಮ, ಹೋಗ್ಲಿ ಬಿಡಿ. ನನಗೂ ವಯಸ್ಸಾಯ್ತು. ಬೇರೆ ಯಾರ ಮನೇಲೋ ಇರ್ಬೇಕು."

ಬಸ್ಸು ತಿರುವುಗಳಲ್ಲಿ ಇಳಿಯುತ್ತಿತ್ತು. ನಾನು ಆ ದಿನವನ್ನು ಮತ್ತೆ ಮತ್ತೆ ಕಣ್ಣ ಮುಂದೆ ತಂದು ನೋಡಿದೆ. ನನ್ನ ನೆನಪಿನಲ್ಲಿ ಭಾವ ಚರಕದ ಪಕ್ಕ ನಿಂತಿದ್ದಾರೆ, ಅಕ್ಕ ಊದಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದಾಳೆ, ಒಲೆಯ ಮುಂದೆ ಕೂರಲಿ ಎಂದು ಭಾವ ಹೇಳುತ್ತಾರೆ. ಅಕ್ಕನ ಸೀರೆಯ ಬಣ್ಣವೂ ಕಾಣುತ್ತದೆ. ಗಂಗಾಧರಪ್ಪನವರು ಕಾಣುವುದಿಲ್ಲ, ಟೀ ಲೋಟವೂ ಕಾಣುವುದಿಲ್ಲ. ಆದರೆ ಸುಮ್ಮನೆ ಕೂತರೆ ಮನಸ್ಸು ಕೆಡುತ್ತದೆ ಎಂಬುದು ನಾನು ಆಡುವ ಮಾತು. ಅಪ್ಪ ಹೋದ ಮೇಲೆ ಅಮ್ಮನಿಗೆ ಹೇಳಿದ್ದೇನೆ, ಫೇಲಾದ ಮಕ್ಕಳಿಗೆ ಹೇಳಿದ್ದೇನೆ. ಭಾವ ಯಾವತ್ತೂ ಯಾರ ಮನಸ್ಸಿನ ಬಗ್ಗೆಯೂ ಮಾತಾಡಿದವರಲ್ಲ.

ಎದುರಿನ ಕಂಬಿಯ ಮೇಲೆ ನನ್ನ ಕೈ ಇತ್ತು. ಗುಹೆಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಉಳಿದ ದಿನಗಳಲ್ಲಿ ನಾವು ಏನೇನು ನೋಡಿದೆವು ಎಂಬುದು ದಿನಚರಿಯಲ್ಲಿದೆ: ಸೇತುವೆ, ಕೋಟೆ, ಒಂದು ಶಾಲೆ. ಓದಿದರೆ ಬೇರೆ ಯಾರೋ ಹೋಗಿ ಬಂದ ಹಾಗಿದೆ.

ಚಿಂತಾಮಣಿ

ಮನೆಗೆ ಬಂದವಳು ಪೆಟ್ಟಿಗೆ ಬಿಚ್ಚುವ ಮೊದಲು ಆ ವರ್ಷದ ದಿನಚರಿ ಹುಡುಕಿದೆ. ಆ ದಿನದ ಪುಟ ಸಿಕ್ಕಿತು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವಾಗ ಬಸ್ಸು ಕೆಟ್ಟು ಒಂದು ಗಂಟೆ ಹುಣಸೆ ಮರದ ಕೆಳಗೆ ನಿಂತದ್ದು ಇದೆ. ಅಕ್ಕ ಎಡಗೈಯಲ್ಲೇ ಬಸ್ಸಾರು ಮಾಡಿದ್ದು, ಉಪ್ಪು ಹೆಚ್ಚಾಗಿದ್ದರೂ ನಾನು ಹೇಳದೆ ಉಂಡದ್ದು ಇದೆ. ಒಂದು ಪುಟ ಪೂರ್ತಿ ಇದೆ. ಒಲೆಯ ಮಾತು ಇಲ್ಲ. ಅದು ಬರೆಯುವಷ್ಟು ದೊಡ್ಡ ವಿಷಯ ಎಂದು ಅವತ್ತು ನನಗೆ ಅನ್ನಿಸಿರಲಿಲ್ಲ. ಯಾರು ಹೇಳಿದ್ದರೂ ಅನ್ನಿಸುತ್ತಿರಲಿಲ್ಲ.

ಪುಟದಲ್ಲಿ ಒಂದು ಸಂಗತಿ ಇಲ್ಲದಿದ್ದರೆ ಅದನ್ನು ನನ್ನ ಪರವಾಗಿ ಓದಿಕೊಳ್ಳುವ ಅಭ್ಯಾಸ ನನಗಿದೆ. ಈ ಸಲ ಆಗಲಿಲ್ಲ. ಉಪ್ಪು ಹೆಚ್ಚಾಗಿದ್ದನ್ನು ಅಕ್ಕನಿಗೆ ಹೇಳದಷ್ಟು ಜೋಪಾನ ಮಾಡಿದವಳು ಅವಳ ಬೇಸರ ಕಳೆಯಲು ಒಂದು ದಾರಿಯನ್ನೂ ಹುಡುಕಿರಬಹುದು. ಹುಡುಕಿದ್ದೇ ನಿಜವಾದರೆ, ಆ ದಾರಿಯನ್ನು ಪ್ರೀತಿಯಿಂದಲೇ ಹುಡುಕಿದ್ದೆ. ಅದರಿಂದ ಏ‌ನೂ ಹಗುರಾಗುವುದಿಲ್ಲ.

ಶಿಡ್ಲಘಟ್ಟ

ಭಾನುವಾರ ಹೋದೆ. ಅಯಾಕೊ ಕೊಟ್ಟ ಒಂದು ಡಬ್ಬ ಮಾಸ್ಕ್ ಚೀಲದಲ್ಲಿತ್ತು. ತಗಡಿನ ಹೊಗೆಗೂಡಿನ ಚಿತ್ರವನ್ನೂ ಬರೆದುಕೊಂಡಿದ್ದೆ.

ಒಲೆಯ ಮುಂದೆ ಭಾವ ಕೂತಿದ್ದರು. ಅಕ್ಕ ಹಾಸಿಗೆ ಹಿಡಿದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿರಲಿಲ್ಲವಂತೆ. ಆಳು ಸಿಗುವುದಿಲ್ಲ ಎಂದರು. ಚರಕವನ್ನು ಪಕ್ಕದ ಮನೆಯ ಹೆಂಗಸು ತಿರುಗಿಸುತ್ತಿದ್ದಳು. ಕಿಟಕಿ ಮುಚ್ಚಿತ್ತು. ಭಾವ ನನ್ನನ್ನು ನೋಡಿ, ಬಾರಮ್ಮ, ಯಾವಾಗ ಬಂದೆ ದೂರದಿಂದ ಎಂದು ಕೇಳಿ, ಕೆಮ್ಮಿದರು. ಅದು ಗೂಡಿನ ಕೆಮ್ಮೇ. ಈಗ ನನ್ನ ಕಿವಿಗೆ ಯಾವ ಕೆಮ್ಮೂ ಬರೀ ಕೆಮ್ಮಾಗಿ ಕೇಳುವುದಿಲ್ಲ.

ಮಾಸ್ಕ್ ಕೊಟ್ಟೆ. ಕಟ್ಟಿಕೊಂಡರು, ನನ್ನ ಮನಸ್ಸಿಗೆ ನೋವಾಗಬಾರದೆಂದು. ಐದು ನಿಮಿಷಕ್ಕೆ ಹಬೆಗೆ ನೆಂದು ಮೂಗಿಗೆ ಅಂಟಿತು. ತೆಗೆದು ಪಕ್ಕದಲ್ಲಿಟ್ಟರು. ತಗಡಿನ ಚಿತ್ರ ನೋಡಿ, ಗಂಗಾಧರಪ್ಪನವರನ್ನ ಕೇಳಣ ಎಂದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಗೊತ್ತಾಗುವುದಿಲ್ಲ ಎಂಬ ಮಾತನ್ನೂ ಬಿಡದೆ ಹೇಳಿದೆ. ಎಳೆ ಹಿಡಿಯುತ್ತಲೇ ಕೇಳಿದರು. ಹುಂ ಎಂದರು.

ಹೆಂಗಸು ಟೀ ಮಾಡಲು ಎದ್ದು ಹೋದಳು. ಚರಕ ನಿಂತಿತು. ನೀರು ಕುದಿಯುವ ಸದ್ದು ಮಾತ್ರ ಇತ್ತು.

"ಭಾವ, ಅಕ್ಕನ್ನ ಇಲ್ಲಿ ಕೂರಿಸಿ ಅಂತ ಹೇಳಿದ್ದು ನಾನಾ?"

ಅವರು ಬಾಂಡ್ಲಿಯಲ್ಲಿ ಗೂಡುಗಳನ್ನು ಆಡಿಸಿದರು. ಒಂದು ಗೂಡಿನ ಎಳೆ ಕಡಿದಿತ್ತು. ಅದನ್ನು ಬೆರಳ ತುದಿಯಲ್ಲಿ ಹುಡುಕಿ, ಇನ್ನೊಂದಕ್ಕೆ ಸೇರಿಸಿದರು. ಬೆರಳುಗಳು ಅಕ್ಕನ ಬೆರಳುಗಳ ಹಾಗೆಯೇ ಬೆಂದು ಬೆಳ್ಳಗಾಗಿದ್ದವು. ಟೀ ಬಂತು, ಕುಡಿದೆವು. ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದರು, ಮುಂಚೆ ಅಕ್ಕನ ಜೊತೆ ಬರುತ್ತಿದ್ದ ಹಾಗೆ. ಬಸ್ಸಿನ ಕಿಟಕಿಯಿಂದ ಬಗ್ಗಿ ಇನ್ನೊಂದು ಪ್ರಶ್ನೆ ಕೇಳಿದೆ. ಅದಾದ ಮೇಲೆ ಮೂರು ಸಲ ಹೋಗಿ ಬಂದಿದ್ದೇನೆ, ಒಂದು ಕಾಗದವನ್ನೂ ಬರೆದಿದ್ದೇನೆ. ತಗಡು ಹಾಕಿಸಿದ್ದಾರೆ. ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ. ಕಿಟಕಿಯಿಂದ ಕೇಳಿದ್ದು ಇದು:

"ಹೇಳಿದ್ದು ನಾನೇ ಅಂತ ನಿಮಗೆ ಗೊತ್ತಿದ್ರೆ, ಅಷ್ಟು ಜನರ ಮುಂದೆ ನಿಮ್ಮನ್ನ ಅಂದಾಗ, ಸಾರು ಬಡಿಸಿ ಯಾಕೆ ಸುಮ್ನೆ ಹೋದ್ರಿ ಭಾವ?"